ವೆರಿ ಗುಡ್, ನೆಕ್ಸ್ಟ್

ಅಕ್ಕಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಹೊಡೆದುಹಾಕಿದೆ. ಎಲ್ಲರೂ ಎನ್ನಲು ಈ ಮನೆಯಲ್ಲಿ ನಾನೊಬ್ಬಳೇ ಇರುವುದು, ಅವಳೂ ಕ್ಷೇಮವಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವ ಮೊದಲೇ ನೀನು "ಊಟ ಆಯ್ತಾ?" ಎಂದು ಮಾತು ಮರೆಸುತ್ತೀಯ. ಪತ್ರಕ್ಕೆ ಅಡ್ಡ ಬಾಯಿ ಹಾಕಲು ನಿನ್ನಿಂದಲೂ ಆಗದು. ಪೂರ್ತಿ ಓದು, ಆಮೇಲೆ ಬೇಕಾದಷ್ಟು ಬೈ.

"ಬೇರೆ ರೂಮು ಸಿಕ್ಕಿದೆ ಕಣೇ, ನಿನಗ್ಯಾಕೆ ತೊಂದರೆ" ಎಂದು ಫೋನಿಟ್ಟೆಯಲ್ಲ. ಯಾಕೆಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಎಷ್ಟು ವರ್ಷಗಳಿಂದ ನಾನು "ಬಂದು ನನ್ನ ಜೊತೆ ಇದ್ದುಬಿಡು" ಎನ್ನುತ್ತಿದ್ದೆ! ನೀನು ಹೊಲಿಗೆ ಅಂಗಡಿಯ ಹಿಂದಿನ ಆ ಕೋಣೆ ಬಿಟ್ಟು ಬರುವವಳಲ್ಲ ಎಂಬ ಧೈರ್ಯದಲ್ಲೇ ಕರೆಯುತ್ತಿದ್ದೆನೇನೋ. ಅಂಗಡಿ ಮುಚ್ಚಿ ಮಾಲೀಕರು ಕೋಣೆ ಬಿಡಿ ಎಂದಾಗ ನೀನು ನಗುತ್ತಾ "ಸರಿ, ಬರ್ತೀನಿ" ಎಂದೆ. ಎರಡು ಮಷೀನಿಗೆ ನನ್ನ ಮನೆಯಲ್ಲಿ ಜಾಗ ಸಾಲದೆಂದು ಒಂದನ್ನು ಪಕ್ಕದ ಮನೆಯವಳಿಗೆ ಕೊಟ್ಟೂಬಿಟ್ಟೆ. ಸಾಲದ್ದಕ್ಕೆ, ಔಷಧಿ ಅಂಗಡಿಯ ಮೇಲೆ ನಾನು ಪಾಠ ಹೇಳುವ ಇಂಗ್ಲಿಷ್ ಕ್ಲಾಸಿಗೂ ಬಂದು ಕೂತೆ. ಈ ವಯಸ್ಸಿನಲ್ಲಿ ಯಾಕಕ್ಕಾ ಎಂದರೆ, "ನಿನ್ನ ಮನೆಗೆ ಬರೋರ ಮುಂದೆ ನಾನು ಬೆಬ್ಬೆಬ್ಬೆ ಅಂದ್ರೆ ನಿನಗೆ ಅವಮಾನ ಅಲ್ವೇನೇ?" ಎಂದೆ. ಛೇ, ಇಲ್ಲಕ್ಕಾ ಎನ್ನಬೇಕಿತ್ತು. ನಾನು ನಕ್ಕೆ. ಮೇಲಿಂದ, ಕ್ಲಾಸಿನಲ್ಲಿ ಅಕ್ಕ-ತಂಗಿ ಎಂದು ತೋರಿಸಿಕೊಳ್ಳುವುದು ಬೇಡ, ಎಲ್ಲರೂ ಒಂದೇ ಥರ ಇರಲಿ ಎಂದೆ. ನೀನು ಒಪ್ಪಿದೆ. ನಾನು ಹೇಳಿದ್ದಕ್ಕೆ ನೀನು ಯಾವಾಗ ಒಪ್ಪಲಿಲ್ಲ?

ಆವತ್ತಿನ ಪಾಠ, ಮುಂದೆ ಬರುವುದನ್ನು ನೆನೆದು ಖುಷಿಪಡುವಾಗ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದು. ನನ್ನ ಕ್ಲಾಸಿನ ಕಟ್ಟಳೆ ನಿನಗೆ ಗೊತ್ತು: ಹೇಳುವ ವಾಕ್ಯ ನಿಜವಿರಬೇಕು, ಸುಳ್ಳು ವಾಕ್ಯ ನಾಲಿಗೆಗೆ ಹತ್ತುವುದಿಲ್ಲ. ಬಸ್ ಡ್ರೈವರು ಎದ್ದು "ಐ ಕಾಂಟ್ ವೇಟ್ ಟು ರಿಟೈರ್" ಎಂದು, "ನನ್ನ ಹೆಂಡ್ತಿ ಮಾತ್ರ ಎಷ್ಟು ದಿನ ಬೇಕಾದ್ರೂ ಕಾಯ್ತಾಳಂತೆ" ಎಂದು ಸೇರಿಸಿದರು. ಎಲ್ಲರೂ ನಕ್ಕರು. ನಾನು ಎಂದಿನಂತೆ "ವೆರಿ ಗುಡ್, ನೆಕ್ಸ್ಟ್" ಎಂದೆ. ಬೇಕರಿಯ ಹುಡುಗಿ ಹೊಸ ಸ್ಕೂಟರಿಗೆ "ಐ ಆಮ್ ಸೋ ಎಕ್ಸೈಟೆಡ್" ಎಂದಳು. ವೆರಿ ಗುಡ್, ನೆಕ್ಸ್ಟ್.

ನೆಕ್ಸ್ಟ್ ನೀನು. ಕೊರಳಿನ ಅಳತೆ ಟೇಪು ತೆಗೆಯಲೂ ಮರೆತು ಬಂದಿದ್ದೆ. ಎದ್ದು ನಿಂತು, ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡುತ್ತಾ, ಒಂದೊಂದು ಮಾತನ್ನೂ ಸೂಜಿಗೆ ದಾರ ಪೋಣಿಸುವ ಹಾಗೆ ಜೋಪಾನವಾಗಿ ಹೇಳಿದೆ: "ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಲಿವಿಂಗ್ ವಿತ್ ಮೈ ಸಿಸ್ಟರ್." ನಿನ್ನ ಪಕ್ಕದಲ್ಲಿದ್ದ ನರ್ಸಮ್ಮ "ಅಯ್ಯೋ, ಆ ತಂಗಿ ಎಷ್ಟು ಪುಣ್ಯ ಮಾಡಿದ್ದಾರೋ!" ಎಂದರು.

ಆ ಪುಣ್ಯವಂತೆ ಬೋರ್ಡಿನ ಕಡೆ ತಿರುಗಿ "ವೆರಿ ಗುಡ್, ನೆಕ್ಸ್ಟ್" ಎಂದಳು.

ಬಾಯಿ ತಪ್ಪಿ ಬಂತು ಎಂದು ಹೇಳಿ ನಿನ್ನೆದುರು ಸಾಚಾ ಆಗಬಹುದಿತ್ತು. ಆದರೆ ನಿಜ ಅದಲ್ಲ. ಆ ಕ್ಷಣ ನಾನು ನಿನ್ನ ತಂಗಿ ಎಂದು ಗೊತ್ತಾಗುವುದು ನನಗೆ ಬೇಡವಾಗಿತ್ತು. ಆ ಟೇಪಿನಿಂದ ನಾಚಿಕೆಯಾಯಿತು ನನಗೆ, ಅಕ್ಕಾ. ಅದೇ ಟೇಪಿನಿಂದ ಅಳೆದು ನನ್ನ ಮೊದಲ ಕೆಲಸದ ಅಂಗಿ ಹೊಲಿದವಳು ನೀನು. ನಾನು ತಿರುಗಿ ನೋಡುವಷ್ಟರಲ್ಲಿ ನೀನು ಕೂತಿದ್ದೆ. ಟೇಪನ್ನು ಸುತ್ತಿ ಸುತ್ತಿ ಬ್ಯಾಗಿನೊಳಗೆ ಇಡುತ್ತಿದ್ದೆ. ಆ ಕೈಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಮುಂದಿನ ಕ್ಲಾಸಿಗೆ ನೀನು ಬರಲಿಲ್ಲ. ನಿನ್ನ ಕುರ್ಚಿ ನೋಡುತ್ತಾ ಪಾಠ ಮುಂದುವರಿಸಲಾಗದೆ ಎಲ್ಲರಿಗೂ ಹೇಳಿದೆ, ಆ ತಂಗಿ ನಾನೇ ಎಂದು. ನರ್ಸಮ್ಮ ತಲೆ ತಗ್ಗಿಸಿದರು. ಕೊನೆಗೆ ಡ್ರೈವರೇ ಮೆಲ್ಲಗೆ, "ಹಾಗಾದ್ರೆ ನಿಮ್ಮ ವಾಕ್ಯ ಹೇಳಿ ಮೇಡಂ" ಎಂದರು. ಐ ಕಾಂಟ್ ವೇಟ್ ಎನ್ನಲು ಹೋದೆ. ನಾಲಿಗೆ ಏಳಲಿಲ್ಲ. ನನ್ನ ಕಟ್ಟಳೆ ನನಗೇ ಉರುಳಾಯಿತು.

ನಿಜ ಹೇಳಲೇ? ನನಗೆ ಭಯ. ಒಂಟಿಯಾಗಿದ್ದು ನಾನು ಇಟ್ಟ ಲೋಟ ಇಟ್ಟಲ್ಲೇ ಇರುವುದು ರೂಢಿಯಾಗಿದೆ. ನೀನು ಬಂದರೆ ನಿಂತುಕೊಂಡು ಕಾಫಿ ಕುಡಿದಿದ್ದಕ್ಕೂ ಗದರುತ್ತೀಯ, ಟೀಚರ್ ಹೋಗಿ ಮತ್ತೆ ಪುಟ್ಟ ತಂಗಿಯಾಗುತ್ತೇನೆ. ನಾವು ಜಗಳವಾಡುತ್ತೇವೆ, ಖಂಡಿತ. ಆದರೂ ಮೇಜನ್ನು ಕಿಟಕಿಯಿಂದ ಈಚೆಗೆ ಎಳೆದಿದ್ದೇನೆ. ಮಷೀನಿಗೆ ಅಲ್ಲಿಯೇ ಬೆಳಕು ಚೆನ್ನಾಗಿದೆ. ಅದರ ಮೇಲಿದ್ದ ಪುಸ್ತಕಗಳು ಈಗ ನನ್ನ ಹಾಸಿಗೆ ಮೇಲಿವೆ, ಮಲಗಲು ಜಾಗವಿಲ್ಲ.

ಆ ರೂಮಿಗೆ ಹೂಂ ಅನ್ನಬೇಡ. ಭಾನುವಾರ ಮಷೀನು ಹೊರಲು ಡ್ರೈವರನ್ನೂ ಕರೆದುಕೊಂಡು ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ, ಅಕ್ಕಪಕ್ಕದವರೆಲ್ಲ ನೋಡಲಿ, ನಾನು ಯಾರೆಂದು ಕೇಳಲಿ, ಹೇಳುತ್ತೇನೆ.

ಈಗ ನನ್ನ ವಾಕ್ಯ, ನಮ್ಮ ಮಾತಿನಲ್ಲೇ: ಅಕ್ಕಾ, ನನಗೆ ನಾಚಿಕೆಯಾಗಿದೆ, ಭಯವೂ ಇದೆ, ನೀನು ಬರಬೇಕು.

ಇಷ್ಟೇ. ವೆರಿ ಗುಡ್ ಅನ್ನಬೇಡ, ಆ ಯೋಗ್ಯತೆ ನನಗಿಲ್ಲ. ನೆಕ್ಸ್ಟ್ ಎಂದು ಮಾತ್ರ ಅನ್ನಬೇಡ.

ಬೈಯುತ್ತಲೇ ಆದರೂ ಹರಸು,
ನಿನ್ನ ಗಿಣಿ