ನಲವತ್ತೈದನೇ ನಿಮಿಷ ಕೇಳದೆ ಉನೈಸನ ಕೈ ಮುರಿದವರಿಗೆ

ಅದಷ್ಟೇ ಅಲ್ಲ ಮಾನ್ಯರೇ, ನಿನ್ನೆ ನಿಮ್ಮ ಕಚೇರಿಯ ಮೆಟ್ಟಿಲಲ್ಲಿ ನಾನು ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. ನೀವು ಜೀಪು ಹತ್ತಿ ಹೋದಿರಿ. ನಿಮ್ಮ ಸಿಬ್ಬಂದಿಯೊಬ್ಬರು "ಅಜ್ಜ, ಏನಿದ್ರೂ ಬರ್ದು ಕೊಡಿ" ಎಂದರು. ಬರೆದು ಕೊಡುತ್ತಿದ್ದೇನೆ, ನಿಮ್ಮ ಟಪಾಲಿಗಲ್ಲ, ಪತ್ರಿಕೆಗೆ. ಹಕ್ಕುಸ್ವಾಮ್ಯ ರಕ್ಷಣೆಯ ಹೆಸರಿನಲ್ಲಿ ಕಳೆದ ತಿಂಗಳು ಬಿ.ಸಿ. ರೋಡಿನ ಒಂದು ಮೊಬೈಲ್ ಅಂಗಡಿಗೆ ನುಗ್ಗಿದ ತಂಡದ ಮುಖ್ಯಾಧಿಕಾರಿಗಳು ನೀವು. ಆ ಅಂಗಡಿಯ ಉನೈಸನ ಬಲಗೈಯನ್ನು ನಿಮ್ಮವರು ಶಟರಿನಡಿ ಹಾಕಿ ಮುರಿದರು. ಬರುವ ಗುರುವಾರ ಅದೇ ಕೈಗೆ ಪಟ್ಟಿ ಕಟ್ಟಿಕೊಂಡು ಅವನು ಕೋರ್ಟಿನಲ್ಲಿ ಹಾಡುಗಳ್ಳನಾಗಿ ನಿಲ್ಲಬೇಕು. ಅವನು ಕದ್ದನೆಂದು ನೀವು ಹೇಳುವ ರೆಕಾರ್ಡಿಂಗ್ ಮಾಡಿದವನು ನಾನು. ಅದನ್ನು ಹಂಚು ಎಂದವನೂ ನಾನೇ. ನನ್ನ ಕೈಗಳು ಎರಡೂ ಸರಿಯಾಗಿಯೇ ಉಂಟು. ಈ ಲೆಕ್ಕ ನಿಮಗೆ ಹೇಗೆ ಸರಿಹೋಯಿತು?

ಟು ಬಿ ಫ್ರ್ಯಾಂಕ್, ನಾನು ಬಿ.ಎ. ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟವನು. ಅಲ್ಲಿಂದ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿ ನಲವತ್ತು ವರ್ಷ ವಿಸಿಲ್ ಊದಿದೆ. ಯಾವ ಬಸ್ಸು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಟಿತು ಎಂಬುದರಲ್ಲಿ ನಾನು ತಪ್ಪಿದ್ದಿಲ್ಲ. ಆದ್ದರಿಂದ ನಿಮ್ಮ ಮಹಜರಿನಲ್ಲಿ ಇಲ್ಲದ ಸಮಯವನ್ನು ನಾನೇ ಹೇಳುತ್ತೇನೆ. ಅಂದು ನಾನು ಆ ಅಂಗಡಿಯಲ್ಲೇ ಕುಳಿತಿದ್ದೆ. ನಿಮ್ಮ ತಂಡ ಒಳಗೆ ಬಂದದ್ದು ಬೆಳಿಗ್ಗೆ ಹನ್ನೊಂದು ಹತ್ತಕ್ಕೆ. ಹನ್ನೊಂದು ಹನ್ನೆರಡಕ್ಕೆ ಗಾಜಿನ ಕೌಂಟರ್ ಒಡೆಯಿತು. ಹಾಡು ಗಾಜಿನೊಳಗೆ ಅಡಗಿತ್ತೆ? ಬಿಚ್ಚಿಟ್ಟ ಯಾರ್ಯಾರದೋ ಫೋನುಗಳು, ಪುಡಿ ಸ್ಕ್ರೂಗಳು, ರಿಪೇರಿಗೆ ಕೊಟ್ಟವರ ಹೆಸರು ಬರೆದ ಚೀಟಿಗಳು ಎಲ್ಲ ಬೂಟಿನಡಿಗೆ ಹೋದವು. ಉನೈಸನ ಕಿವಿಯ ಮೇಲೆ ಮೊದಲ ಏಟು ಬಿದ್ದದ್ದು ಅವನು "ಸರ್, ನೋಟೀಸ್ ಉಂಟಾ?" ಎಂದು ಕೇಳಿದ್ದಕ್ಕೆ. ಎರಡನೆಯದು ಯಾಕೆಂದು ನನಗೆ ಈಗಲೂ ಗೊತ್ತಿಲ್ಲ. ನಿಮ್ಮೊಡನೆ ಬಂದಿದ್ದ, ಹಾಡು ತಮ್ಮದೆಂದು ದೂರು ಕೊಟ್ಟ ಕಂಪನಿಯ ಪ್ರತಿನಿಧಿ, ಕುತ್ತಿಗೆಗೆ ಟ್ಯಾಗು ಹಾಕಿದವರು, ಕಂಪ್ಯೂಟರ್ ನೋಡಿ ನಕ್ಕರು.

"ಬ್ಯಾರಿಗೆಂಥ ತಾಳಮದ್ದಳೆ ಮಾರಾಯ? ಇಲ್ಲೇ ಗೊತ್ತಾಗ್ತದೆ, ಕದ್ದ ಮಾಲು."

ಮುಸಲ್ಮಾನನ ಹತ್ತಿರ ತಾಳಮದ್ದಳೆ ಇದ್ದರೆ ಅದು ಕದ್ದದ್ದೇ. ಎಷ್ಟು ಚಂದದ ತರ್ಕ! ಹಾಗಾದರೆ ತಾಳಮದ್ದಳೆ ಎಂದರೇನೆಂದೇ ಗೊತ್ತಿಲ್ಲದ ಈ ಕಂಪನಿಗೆ ಅದು ಎಲ್ಲಿಂದ ಬಂತು?

ಅಂಗಡಿಗೆ ಮೊಹರು ಹಾಕಬೇಕೆಂದು ಉನೈಸನನ್ನು ಹೊರಗೆ ದೂಡಿದರು. ನನ್ನ ಕ್ಯಾಸೆಟ್ಟುಗಳಿದ್ದ ತಗಡಿನ ಪೆಟ್ಟಿಗೆ ಹೊಸ್ತಿಲಿನ ಒಳಗೆ ಉಳಿದಿತ್ತು. ಶಟರ್ ಅರ್ಧ ಇಳಿದಿರುವಾಗ ಅವನು ಬಗ್ಗಿ ಕೈ ಹಾಕಿದ. "ಸರ್, ಇದೊಂದು ಬಿಡಿ. ಇದು ಡೊಂಬಯ್ಯಣ್ಣಂದು, ಒರಿಜಿನಲ್" ಎಂದ. ಶಟರ್ ಬಿತ್ತು. ಅವನು ಕಿರುಚಿದ್ದು ಸರ್ವಿಸ್ ರಸ್ತೆಯ ಬಸ್ಸುಗಳ ಹಾರ್ನಿನ ಮೇಲೆ ಕೇಳಿತು. ಯಾರೋ ಶಟರನ್ನು ಒಂದು ಗೇಣು ಎತ್ತಿದರು. ಅವನು ಕೈ ತೆಗೆಯಲಿಲ್ಲ, ಪೆಟ್ಟಿಗೆಯನ್ನೇ ಎಳೆಯುತ್ತಿದ್ದ, ಮೂರ್ಖ. ಆಗ ಅದನ್ನು ಮತ್ತೊಮ್ಮೆ, ಇಬ್ಬರು ಸೇರಿ, ಮೈಭಾರ ಹಾಕಿ ಎಳೆದರು. ಮೊದಲ ಸಲದ್ದು ಆಕಸ್ಮಿಕ ಎನ್ನುವ. ಎರಡನೇ ಸಲದ್ದಕ್ಕೆ ಏನೆನ್ನುವ? ನಿಮ್ಮ ಮಹಜರಿನಲ್ಲಿ "ಕನಿಷ್ಠ ಬಲಪ್ರಯೋಗ ಮಾಡಲಾಯಿತು" ಎಂದು ಬರೆದಿದೆಯಂತೆ. ಕಾಲೇಜಿನಲ್ಲಿ ನಮಗೆ ಪ್ಯಾಸಿವ್ ವಾಯ್ಸ್ ಕಲಿಸುವಾಗ ಇದರ ಉಪಯೋಗ ಏನೆಂದು ಮೇಷ್ಟ್ರು ಹೇಳಿರಲಿಲ್ಲ. ಈಗ ತಿಳಿಯಿತು. ಮೂಳೆ ಮುರಿಯುತ್ತದೆ, ಮುರಿದವರು ಇರುವುದಿಲ್ಲ.

ಪೆಟ್ಟಿಗೆ ಚಪ್ಪಟೆಯಾಗಿ ಬಾಯಿಬಿಟ್ಟಿತು. ಕ್ಯಾಸೆಟ್ಟುಗಳ ರೀಲು ಹೊರಗೆ ಬಂದು, ರಸ್ತೆಗೆ ಹರಡಿ, ಒಂದು ಬಸ್ಸಿನ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಹೋಯಿತು. ಆಮೇಲೆ ನಾನು ಮಾಡಿದ್ದನ್ನೂ ಬರೆಯುತ್ತೇನೆ. ನನ್ನ ಕೊಡೆಯ ಹಿಡಿಯಿಂದ ಆ ಪ್ರತಿನಿಧಿಯ ತಲೆಗೆ ಹೊಡೆದೆ. ಹೆದರಿಸಲಿಕ್ಕೆ ಅಲ್ಲ, ಒಡೆಯಲಿಕ್ಕೇ ಹೊಡೆದೆ. ಕಿವಿಯ ಹಿಂದೆ ಸೀಳಿ ಅವರ ಬಿಳಿ ಅಂಗಿ ಕೆಂಪಾಯಿತು. ಇನ್ನೊಂದು ಹೊಡೆಯಲು ಎತ್ತಿದೆ. ನಿಮ್ಮ ಪೇದೆ ನನ್ನನ್ನು ಏನು ಮಾಡಿದರು ಗೊತ್ತೆ? ತೋಳು ಹಿಡಿದು ಪಕ್ಕದ ಜ್ಯೂಸ್ ಅಂಗಡಿಯಲ್ಲಿ ಕೂರಿಸಿ, "ಅಜ್ಜನಿಗೆ ಬಿ.ಪಿ. ಏರಿದೆ, ಸ್ವಲ್ಪ ನೀರು ಕೊಡಿ" ಎಂದರು. ಪೆಟ್ಟಿಗೆ ಎಳೆದವನಿಗೆ ಶಟರು, ತಲೆ ಒಡೆದವನಿಗೆ ನೀರು. ಮಹಜರಿನಲ್ಲಿ ನನ್ನ ಹೆಸರೇ ಇಲ್ಲ. ಪ್ರತಿನಿಧಿಯ ತಲೆಗೆ ಬಿದ್ದ ಹೊಲಿಗೆ ಯಾರ ಖಾತೆಗೆ ಹೋಗಿದೆ ಎಂದು ವಿಚಾರಿಸಿದೆ. "ಆರೋಪಿಯು ಪ್ರತಿರೋಧಿಸುವಾಗ" ಆದ ಗಾಯವಂತೆ. ಮುರಿದ ಕೈಯಲ್ಲಿ!

ಈಗ ಹಾಡಿನ ಸಂಗತಿ. ಮೂವತ್ತು ವರ್ಷಕ್ಕೂ ಹಿಂದೆ, ಒಂದು ಮಳೆಗಾಲದ ಮಧ್ಯಾಹ್ನ, ಮೂಡುಬಿದಿರೆಯ ಒಂದು ಸಭಾಭವನದಲ್ಲಿ ಆದ ತಾಳಮದ್ದಳೆ ಅದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಕುಳಿತು ಮಾತಾಡುವ ಅರ್ಥಧಾರಿಗಳು, ಎದುರಿಗೆ ನಾವು. ವೇದಿಕೆಯ ಅಂಚಿನಲ್ಲಿ ಟೇಪ್ ರೆಕಾರ್ಡರುಗಳ ಸಾಲು. ನಾನು ಎಣಿಸಿದಂತೆ ಅಂದು ಹದಿನೇಳು. ತೊಂಬತ್ತು ನಿಮಿಷದ ಕ್ಯಾಸೆಟ್ಟು ನಲವತ್ತೈದಕ್ಕೆ ಒಂದು ಬದಿ ಮುಗಿಯುತ್ತದೆ. ಎಲ್ಲರೂ ಒಟ್ಟಿಗೆ ಒತ್ತಿದ್ದರಿಂದ ಎಲ್ಲವೂ ಒಟ್ಟಿಗೆ ಟಕ್ ಟಕ್ ಎಂದು ನಿಲ್ಲುತ್ತಿದ್ದವು. ಆಗ ಆ ಭಾಗವತರು ಪದ್ಯ ಮುಂದುವರಿಸುತ್ತಿರಲಿಲ್ಲ. ಹದಿನೇಳು ಜನ ಬಗ್ಗಿ ಕ್ಯಾಸೆಟ್ಟು ತಿರುಗಿಸಿ ಒತ್ತುವವರೆಗೆ ಬರೀ ಆಲಾಪ ಎಳೆಯುತ್ತಿದ್ದರು. ಕೊನೆಯವನು ಸರಿಮಾಡಿಕೊಂಡು ತಲೆಯೆತ್ತಿದ ಮೇಲೆಯೇ ಮುಂದಿನ ಸಾಲು. ನಿಮ್ಮ ಕಾನೂನಿನ ಭಾಷೆಯಲ್ಲಿ ಇದನ್ನು ಏನೆನ್ನುತ್ತಾರೋ. ನಮ್ಮಲ್ಲಿ ಇದು ಅನುಮತಿ. ಕಲಾವಿದರು ಕಾದು ನಿಂತು ಕೊಟ್ಟ ಅನುಮತಿ.

ಅಂದು ನನ್ನ ಯಂತ್ರಕ್ಕೆ ಏನೋ ಗ್ರಹಚಾರ. ನಲವತ್ತೈದು ನಿಮಿಷ ಮುಗಿದ ಮೇಲೂ ರೀಲು ಸ್ವಲ್ಪ ಉಳಿದಿತ್ತು. ಉಳಿದವರದು ನಿಂತಿತು, ನನ್ನದು ಓಡುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ, ನಾನು ಆಲಾಪದಲ್ಲಿ ಮುಳುಗಿದ್ದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಶಶಿಪ್ರಭಾ ನನ್ನ ಪಕ್ಕೆಗೆ ತಿವಿದು ಹೇಳಿದಳು: "ಹೋಯ್, ತಿರುಗಿಸಿ ಮಾರ್ರೆ. ನಿಮ್ಮೊಬ್ಬರಿಗೆ ಬೇಕಾಗಿ ಅವರೆಷ್ಟು ಹೊತ್ತು ಎಳೀಬೇಕು?" ಆ ಮಾತು ನನ್ನ ಕ್ಯಾಸೆಟ್ಟಿನಲ್ಲಿ ದಾಖಲಾಯಿತು. ಮಿಕ್ಕ ಹದಿನಾರರಲ್ಲಿ ಇಲ್ಲ.

ಮಾನ್ಯರೇ, ನಿಮ್ಮ ದೂರುದಾರ ಕಂಪನಿ "ನಮ್ಮಲ್ಲಿ ಮಾತ್ರ" ಎಂದು ದೊಡ್ಡ ಅಕ್ಷರದಲ್ಲಿ ಹಾಕಿ ಮಾರುತ್ತಿರುವ ಟ್ರ್ಯಾಕಿನ ನಲವತ್ತೈದನೇ ನಿಮಿಷ ಹತ್ತನೇ ಸೆಕೆಂಡಿಗೆ ಹೋಗಿ ಕೇಳಿ. ನನ್ನ ಹೆಂಡತಿ ನನ್ನನ್ನು ಬೈಯುತ್ತಿದ್ದಾಳೆ. ತೀರಿಕೊಂಡು ನಾಲ್ಕು ವರ್ಷವಾದ ಹೆಂಗಸು. ಆ ಬೈಗುಳದ ಹಕ್ಕು ಅವರಿಗೆ ಯಾವಾಗ ಬಂತು?

ಬಂದದ್ದು ಹೀಗೆ. ನನ್ನ ಮೂರ್ಖತನ ಇಲ್ಲಿ ಬರುತ್ತದೆ. ಕ್ಯಾಸೆಟ್ಟಿಗೆ ಫಂಗಸ್ ಹಿಡಿದಾಗ ಉನೈಸ್ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಗೇಣು ಗೇಣಾಗಿ ಒರೆಸಿ ಕಂಪ್ಯೂಟರಿಗೆ ಇಳಿಸಿಕೊಟ್ಟ. ಆಮೇಲೆ ಒಂದು ಆ್ಯಪ್ ಬಂತು. ನಮ್ಮಂಥವರ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಅದಕ್ಕೆ ಏರಿಸಿದರು. ಸಿನಿಮಾ ಹಾಡು, ಭಜನೆ, ತಾಳಮದ್ದಳೆ ಎಲ್ಲ ಒಂದೇ ಕಡೆ. ತಿಂಗಳಿಗಿಷ್ಟು ಎಂದು ಕಟ್ಟಿ ಕೇಳಿದೆವು. "ಪುಕ್ಕಟೆ ಕೇಳಿದ್ರೆ ಕಿವಿಗೆ ಹಿಡಿಯುವುದಿಲ್ಲ, ಕೊಟ್ಟು ಕೇಳುವ" ಎಂದಿದ್ದಳು ಶಶಿ. ಬಿ.ಸಿ. ರೋಡಿನಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ವ್ಯಾಪಾರ ಆ ಆ್ಯಪ್ ಬಂದ ಎರಡೇ ವರ್ಷದಲ್ಲಿ ಸತ್ತೇ ಹೋಯಿತು. ಯಾವ ದಾಳಿಯೂ ಇಲ್ಲದೆ! ಉನೈಸನೇ ಆ ವ್ಯಾಪಾರದ ಬೋರ್ಡು ಇಳಿಸಿ ರಿಪೇರಿಗೆ ಕುಳಿತ. ನಿಮ್ಮ ಇಲಾಖೆಗೆ ಇದನ್ನು ಯಾರೂ ಹೇಳಲಿಲ್ಲವೆ?

ಅಷ್ಟರಲ್ಲಿ ಈ ದೂರುದಾರ ಕಂಪನಿಯಿಂದ ಒಬ್ಬರು ಬಂದರು, ಬಹಳ ಸುಸಂಸ್ಕೃತರು. ಪರಂಪರೆ, ಸಂರಕ್ಷಣೆ ಎಂದೆಲ್ಲ ಮಾತಾಡಿ ಕ್ಯಾಸೆಟ್ಟುಗಳ ಪ್ರತಿ ಕೇಳಿದರು. ಕೊಟ್ಟೆ. ನಮ್ಮಲ್ಲಿ ಕ್ಯಾಸೆಟ್ಟು ಕೇಳಿದವರಿಗೆ ಇಲ್ಲ ಎನ್ನುವ ಕ್ರಮ ಇರಲಿಲ್ಲ. ಆರು ಪುಟದ ಇಂಗ್ಲಿಷ್ ಕಾಗದಕ್ಕೆ ಸಹಿ ಕೇಳಿದರು. ಉನೈಸ್ ಅಲ್ಲೇ ಇದ್ದ. "ಡೊಂಬಯ್ಯಣ್ಣ, ನಾಳೆ ಕೊಡುವ. ಯಾರಾದ್ರೂ ವಕೀಲರ ಹತ್ರ ಓದಿಸುವ" ಎಂದ. ಹಿಯರ್‌ಬೈ, ವೇರ್‌ಆ್ಯಸ್ ಎಂದೆಲ್ಲ ನಾನು ಮೊದಲ ಪುಟವನ್ನು ಜೋರಾಗಿ ಓದಿ ತೋರಿಸಿ, "ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠದ ಸಾರಾಂಶ, ಪ್ರೆಸೀ, ಬರೆದವ, ನೀನು ಸ್ಕ್ರೂ ತಿರುಗಿಸು" ಎಂದು ಆ ಸುಸಂಸ್ಕೃತರ ಎದುರು ಅವನನ್ನು ನಗೆಪಾಟಲು ಮಾಡಿದೆ. ಉಳಿದ ಐದು ಪುಟ ತಿರುಗಿಸಲೇ ಇಲ್ಲ. ಸಹಿ ಹಾಕಿದೆ. ಭಾಗವತರ ಗಂಟಲು ನನ್ನ ಸೊತ್ತಲ್ಲ, ಅರ್ಥಧಾರಿಗಳ ನಾಲಗೆ ನನ್ನದಲ್ಲ. ಅದನ್ನೆಲ್ಲ ನಾನು ಬರೆದುಕೊಟ್ಟೆ. ಕಳ್ಳತನದ ಮೊದಲ ದಿನ ಅದು, ಮೊದಲ ಕಳ್ಳ ನಾನು.

ಆರು ತಿಂಗಳಲ್ಲಿ ಹಳೆಯ ಆ್ಯಪಿನಿಂದ ಎಲ್ಲ ಮಾಯವಾಯಿತು. ತಾಳಮದ್ದಳೆಗೆ ಒಂದು ಹೊಸ ಆ್ಯಪ್, ಭಜನೆಗೆ ಬೇರೆ, ಸಿನಿಮಾ ಹಾಡಿಗೆ ಮತ್ತೆರಡು. ಪ್ರತಿಯೊಂದಕ್ಕೂ ಬೇರೆ ಬೇರೆ ತಿಂಗಳ ಹಣ. ಮಾನ್ಯರೇ, ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಒಂದೇ ಟಿಕೆಟ್ಟಿನಲ್ಲಿ ಹೋಗುತ್ತಿದ್ದವನನ್ನು ವೇಣೂರಿನಲ್ಲಿ ಇಳಿಸಿ ಇನ್ನೊಂದು ಬಸ್ಸಿಗೆ ಟಿಕೆಟ್ ತೆಗಿ, ಗುರುವಾಯನಕೆರೆಯಲ್ಲಿ ಇಳಿದು ಮತ್ತೊಂದು ತೆಗಿ ಎಂದರೆ ಅವನು ಏನು ಮಾಡುತ್ತಾನೆ? ಹಿಂದಿನ ಏಣಿ ಹತ್ತಿ ಟಾಪಿನಲ್ಲಿ ಕೂರುತ್ತಾನೆ. ನಲವತ್ತು ವರ್ಷ ನೋಡಿದ್ದೇನೆ. ಟಾಪಿನಲ್ಲಿ ಕೂರುವುದು ತಪ್ಪೇ. ಆದರೆ ಅವನನ್ನು ಟಾಪಿಗೆ ಹತ್ತಿಸಿದವರಿಗೆ ಸಲಾಮು ಹೊಡೆದು, ಏಣಿಯ ಬುಡದಲ್ಲಿ ನಿಂತವನ ಕೈ ಮುರಿಯುವುದು ಯಾವ ಕಾಯಿದೆ? ನೆರಿಯದ ಕಡೆ ಕಾಡಿನಂಚಿನಲ್ಲಿರುವ ನನ್ನ ಗೆಳೆಯ ಕೂಸಪ್ಪ ಹೊಸ ಆ್ಯಪಿಗೂ ಕಟ್ಟಿದ. ಅವನ ಮನೆಯಲ್ಲಿ ನೆಟ್‌ವರ್ಕ್ ಬರುವುದು ದನದ ಹಟ್ಟಿಯ ಹಿಂದೆ ಮಾತ್ರ. ದುಡ್ಡು ಕೊಟ್ಟ ಹಾಡು ಕೇಳಲು ಸೆಗಣಿಯಲ್ಲಿ ನಿಲ್ಲಬೇಕು!

ಕೂಸಪ್ಪ ಫೋನು ಮಾಡಿ ಬೈದ ದಿನವೇ ನಾನು ಉನೈಸನಲ್ಲಿಗೆ ಹೋದೆ. ಹಳೆಯದನ್ನು ಹತ್ತು ಹದಿನೈದು ಕಾರ್ಡಿಗೆ ಹಾಕು, ನಮ್ಮ ತಾಳಮದ್ದಳೆಯವರಿಗೆ ಹಂಚುವ ಎಂದೆ. ಅವನು ಒಪ್ಪಲಿಲ್ಲ.

"ಬೇಡ ಅಣ್ಣ. ಅದೀಗ ಅವರದ್ದು. ನೀವೇ ಬರ್ದು ಕೊಟ್ಟಿದ್ದೀರಿ."

"ನನ್ನ ಕ್ಯಾಸೆಟ್ ಮಾರಾಯ! ಯಾರೆಂಥ ಮಾಡ್ತಾರೆ?"

"ನಿಮ್ಗೆ ಎಂಥ ಮಾಡುದಿಲ್ಲ. ನನ್ಗೆ ಮಾಡ್ತಾರೆ."

"ಹೆದರುಪುಕ್ಕಲ! ನಾನಿಲ್ಲವಾ?"

ಹಾಕಿಕೊಟ್ಟ. ಒಂದು ಪೈಸೆ ಮುಟ್ಟಲಿಲ್ಲ. ಅವನು ಹೇಳಿದ ಪ್ರತಿಯೊಂದು ಮಾತೂ ಅಕ್ಷರಶಃ ನಡೆಯಿತು. ಈಗ ಅವನ ಎರಡು ಬೆರಳು ಮಡಚುವುದಿಲ್ಲ. ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ಹಿಡಿಯುತ್ತಿದ್ದ ಬೆರಳುಗಳು. ಪೊಯೆಟಿಕ್ ಜಸ್ಟಿಸ್ ಎಂದು ಕಾಲೇಜಿನಲ್ಲಿ ಒಂದು ಪಾಠ ಇತ್ತು, ತಪ್ಪು ಮಾಡಿದವನಿಗೇ ಶಿಕ್ಷೆ ಎಂದೇನೋ. ನನಗೆ ಪೂರ್ತಿ ನೆನಪಿಲ್ಲ. ನಿಮಗೆ ಅದನ್ನು ಕಲಿಸಿಯೇ ಇಲ್ಲ ಎಂದು ಕಾಣುತ್ತದೆ.

ಕ್ಯಾಸೆಟ್ಟು ಚಕ್ರಕ್ಕೆ ಹೋಯಿತು, ಕಂಪ್ಯೂಟರೂ ಹಂಚಿದ ಕಾರ್ಡುಗಳೂ ನಿಮ್ಮ ಜಪ್ತಿಯಲ್ಲಿವೆ. ಇನ್ನು ಹೆಂಡತಿಯ ದನಿ ಕೇಳಬೇಕಾದರೆ ನಾನು ಕಂಪನಿಗೆ ತಿಂಗಳು ತಿಂಗಳು ಕಟ್ಟಬೇಕು. ಅದು ಇರಲಿ. ಅವಳು ಸತ್ತವಳು, ಉನೈಸ್ ಬದುಕಿದ್ದಾನೆ.

ಹೋದ ವಾರ ಅವನ ಮನೆಗೆ ಹೋಗಿದ್ದೆ. ಅವನು ಗೋಡೆ ನೋಡುತ್ತಾ ಮಲಗಿದ್ದ. ಪೇಪರಿಗೆ ಬರೆಯುತ್ತೇನೆ ಎಂದೆ. ಅವನ ಹೆಂಡತಿ ಸೌದಾ ಚಹಾ ತಂದಿಟ್ಟು ಅಲ್ಲೇ ನಿಂತಳು.

"ಬರೀಬೇಡಿ ಅಣ್ಣ. ಬರೆದ್ರೆ ಅವರು ಇನ್ನೊಂದು ಕೈಗೆ ಬರ್ತಾರೆ."

"ಬರೆಯದಿದ್ದರೆ ಗುರುವಾರ ಇವನು ಒಬ್ಬನೇ ಕಳ್ಳ ಆಗ್ತಾನಲ್ಲ ಸೌದಾ?"

ಅವಳು ನನ್ನ ಮುಖ ನೋಡದೆ ಹೇಳಿದಳು: "ಹಾಗಾದ್ರೆ ಇವರ ಹೆಸರಿಗಿಂತ ಮೊದಲು ನಿಮ್ಮದು ಬರೀರಿ. ಅಷ್ಟು ಧೈರ್ಯ ಉಂಟಾದ್ರೆ ಬರೀರಿ. ಇಲ್ಲದಿದ್ರೆ ಚಾ ಕುಡಿದು ಹೋಗಿ."

ಚಹಾ ಕುಡಿಯಲಾಗಲಿಲ್ಲ, ಮಾನ್ಯರೇ. ನನ್ನ ಒತ್ತಾಯ ಇಷ್ಟೇ. ಗುರುವಾರದೊಳಗೆ ಆ ಪ್ರಕರಣದ ಮೊದಲನೇ ಆರೋಪಿಯ ಜಾಗದಲ್ಲಿ ನನ್ನ ಹೆಸರು ಬರೆಯಿರಿ. ರೆಕಾರ್ಡು ಮಾಡಿದ್ದು, ಹಕ್ಕಿಲ್ಲದ್ದನ್ನು ಬರೆದುಕೊಟ್ಟದ್ದು, ಹಂಚಿಸಿದ್ದು, ಪ್ರತಿನಿಧಿಯ ತಲೆ ಒಡೆದದ್ದು, ನಾಲ್ಕನ್ನೂ ಒಪ್ಪಿಕೊಂಡಿದ್ದೇನೆ; ಈ ಪತ್ರಿಕೆಯ ಪ್ರತಿಯೇ ನನ್ನ ಹೇಳಿಕೆ. ಉನೈಸನ ಹೆಸರನ್ನು ಅಲ್ಲಿಂದ ತೆಗೆದು ದೂರುದಾರರ ಸಾಲಿನಲ್ಲಿ ಹಾಕಿ. ಎರಡನೇ ಸಲ ಶಟರ್ ಎಳೆದ ಇಬ್ಬರ ಹೆಸರನ್ನು ಅವನ ದೂರಿನಲ್ಲಿ ಬರೆಯಿರಿ, ಹುದ್ದೆ ಸಮೇತ. ಮಾಡದಿದ್ದರೆ ಗುರುವಾರ ಹತ್ತೂವರೆಗೆ ನಾನು ಕೋರ್ಟಿನ ಬಾಗಿಲಲ್ಲಿರುತ್ತೇನೆ. ಕರೆಯದಿದ್ದರೂ ಕಟಕಟೆ ಹತ್ತುತ್ತೇನೆ. ಅಜ್ಜನಿಗೆ ಬಿ.ಪಿ. ಏರಿದೆ ಎಂದು ನೀರು ಕುಡಿಸಿ ಕೂರಿಸಲು ಯಾರಾದರೂ ಬಂದರೆ, ಕೊಡೆ ಈ ಸಲವೂ ಕೈಯಲ್ಲೇ ಇರುತ್ತದೆ. ಮತ್ತು ಉನೈಸನ ಎಡಗೈಗೆ ಒಂದು ಗೀರು ಬಿದ್ದರೂ ಅದಕ್ಕೆ...

ಅಕ್ಷರ ಕಾಣುತ್ತಿಲ್ಲ, ಜಗಲಿಯಲ್ಲಿ ಬೆಳಕು ಇಳಿಯಿತು. ಕೊನೆಯ ಬಸ್ಸಿಗೆ ಈ ಲಕೋಟೆ ಕಳಿಸಬೇಕು, ನಾಳೆಯೇ ಅಚ್ಚಾಗಬೇಕು. ನಿಲ್ಲಿಸುತ್ತೇನೆ.

ಇಂತಿ,
ನೀವು ಬರೆಯಲು ಬಿಟ್ಟುಹೋದ ಮೊದಲನೇ ಆರೋಪಿ,
ಡೊಂಬಯ್ಯ
ನಿವೃತ್ತ ಟೈಮ್ ಕೀಪರ್, ಮೂಡುಬಿದಿರೆ
(ಮನೆಯಲ್ಲೇ ಇರುತ್ತೇನೆ, ಹುಡುಕಬೇಕಾಗಿಲ್ಲ)