ಕದಲದ ಹದಿನಾಲ್ಕು

ಮಂಗಳವಾರ, ಮಾರ್ಚ್ ೧೨

ನಾಳೆ ಬೆಳಗ್ಗೆ ಆರಕ್ಕೆ ನನ್ನಾಕೆಯ ಕಣ್ಣಿನ ಶಸ್ತ್ರಚಿಕಿತ್ಸೆ. ಹಳೆಯ ಕಾರು ಇಂದೂ ಮನೆಯ ಮುಂದೆ ಮೊಂಡು ಹಿಡಿದು ನಿಂತಿತು. ಹೊಸ ಬ್ಯಾಟರಿ ಹಾಕಿಸಿ ವಾರವೂ ಆಗಿಲ್ಲ.

ಮೆಕ್ಯಾನಿಕ್ ಬಂದೊಡನೆ, "ಈ ಬ್ಯಾಟರಿಯೂ ಕೆಟ್ಟಿದೆ" ಎಂದೆ.

"ಉತ್ತರ ಆಮೇಲೆ ಹೇಳಿ ಮೇಷ್ಟ್ರೇ, ಮೊದಲು ಏನೇನಾಯ್ತು ಹೇಳಿ."

ನನ್ನಾಕೆ ಒಳಗಿನಿಂದಲೇ ನಕ್ಕಳು.

ತಾನು ತಂದ ಬ್ಯಾಟರಿಗೆ ವೈರು ಜೋಡಿಸಿ ಎಂಜಿನ್ ಹೊರಡಿಸಿದ. ಎಂಜಿನ್ ಓಡುವಾಗ ಮೀಟರು ಹದಿನಾಲ್ಕು ವೋಲ್ಟ್ ತೋರಿಸಬೇಕಂತೆ, ಹನ್ನೆರಡನ್ನು ದಾಟಲಿಲ್ಲ. ಆದರೂ ಆತ ಅವಸರಿಸಲಿಲ್ಲ. ಬೆಲ್ಟನ್ನು ಒತ್ತಿ ನೋಡಿದ, ವೈರುಗಳ ತುದಿಯನ್ನು ಉಜ್ಜಿ ಮತ್ತೆ ಅಳೆದ. ಉಳಿದದ್ದೆಲ್ಲ ನಿರ್ದೋಷಿಯೆಂದು ಖಚಿತವಾದ ಮೇಲೆಯೇ, ಬ್ಯಾಟರಿಗೆ ವಿದ್ಯುತ್ತು ತುಂಬುವ ಆಲ್ಟರ್ನೇಟರನ್ನು ಬಿಚ್ಚಿದ. ಹೊಸದನ್ನು ಕೂರಿಸಿ, ದೀಪ, ಫ್ಯಾನು, ವೈಪರುಗಳನ್ನೆಲ್ಲ ಒಟ್ಟಿಗೆ ಹಾಕಿ, ಮೀಟರನ್ನು ನನ್ನ ಕೈಗಿತ್ತ. "ನೀವೇ ಓದಿ." ಹದಿನಾಲ್ಕು, ಕದಲಲಿಲ್ಲ.

ಹಂತಗಳನ್ನು ಬಿಟ್ಟು ಉತ್ತರ ಬರೆದವರ ಅಂಕಗಳನ್ನು ಮೂವತ್ತಾರು ವರ್ಷ ಕಡಿದವನು ನಾನು. ಇಂದು ಆತನಿಗೆ ಪೂರ್ಣಾಂಕ.

"ಯಾವುದಕ್ಕೂ ಒಂದು ಬಾಡಿಗೆ ಕಾರು ಹೇಳಿಡಲೇ?" ಎಂದು ರಾತ್ರಿ ನನ್ನಾಕೆಯನ್ನು ಕೇಳಿದೆ.

"ಯಾಕ್ರೀ? ಅವರು ನೋಡಿದಾರಲ್ಲ" ಎಂದವಳೇ ನಿದ್ದೆಹೋದಳು. ನಾನು ನೋಡಿದ್ದೇನೆ ಎಂದಾಗ ಆಕೆ ಎಂದಾದರೂ ಇಷ್ಟು ನಿಶ್ಚಿಂತೆಯಿಂದ ಮಲಗಿದ್ದುಂಟೇ?