ಮೊದಲಿನ ಮಂಜೇಶ್

ರಾಜಘಟ್ಟ
ಭಾನುವಾರ, ೪ ಜನವರಿ ೨೦೨೬

ಪ್ರೀತಿಯ ಮಾನಸಾ,

ಕಳೆದ ವಾರ ನೀನು ನಮ್ಮ ಮನೆಗೆ ಬಂದದ್ದು ಆಸ್ಪತ್ರೆಯ ಅಧ್ಯಯನದ ಕಡೆಯಿಂದ. ಕಾಲೇಜಿನ ಗೆಳತಿಯಾಗಿ ಬಂದಿದ್ದರೆ ಆ ಒಂದು ಪ್ರಶ್ನೆಗೆ ನಾನೇ ಉತ್ತರ ಹೇಳುತ್ತಿದ್ದೆನೋ ಏನೋ. ಫೋನ್ ಮಾಡೋಣವೆಂದರೆ ಈ ಮನೆಯಲ್ಲಿ ಫೋನಿನ ಮಾತು ಹಿತ್ತಿಲವರೆಗೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ಪ್ರಶ್ನೆ ನಿನಗೆ ನೆನಪಿರಬೇಕು. ತಲೆಗೆ ಪೆಟ್ಟಾದವರಿಗೆ ತಮ್ಮಲ್ಲಾದ ಬದಲಾವಣೆ ಎಷ್ಟೋ ಸಲ ತಿಳಿಯುವುದಿಲ್ಲ, ಆದ್ದರಿಂದ ಮನೆಯವರನ್ನು ಕೇಳುತ್ತೇವೆ ಎಂದು ವಿವರಿಸಿ, ನನ್ನ ಕಡೆ ತಿರುಗಿ, “ಮಂಜೇಶ್ ಅವರು ಮೊದಲಿನ ಹಾಗೆ ಆಗಿದ್ದಾರಾ?” ಎಂದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಎಲ್ಲಿ ತಾಯೀ, ಹುಲಿ ಹಂಗಿದ್ದ ನನ್ ಮಗ. ಈಗ ನೋಡು, ಹಸ ಹಂಗ್ ಕೂತವ್ನೆ” ಎಂದರು. ನೀನು ಬರೆದುಕೊಂಡೆ. ನಾನು ಕಾಫಿ ತರುವ ನೆಪದಲ್ಲಿ ಎದ್ದು ಹೋದೆ.

ಅಪಘಾತದ ವಿವರವೆಲ್ಲ ನಿಮ್ಮಲ್ಲಿದೆ. ದಾಬಸ್‌ಪೇಟೆಯ ಕಾರ್ಖಾನೆಯಿಂದ ಬೈಕಿನಲ್ಲಿ ವಾಪಸ್ ಬರುವಾಗ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿಗೆ ಗುದ್ದಿದ್ದು, ಹೆಲ್ಮೆಟ್ ಪೆಟ್ರೋಲ್ ಟ್ಯಾಂಕಿನ ಮೇಲೆ ಇದ್ದದ್ದು, ಮೆದುಳಿನ ಮುಂಭಾಗಕ್ಕೆ ಪೆಟ್ಟು, ಆಪರೇಷನ್. ನಿಮ್ಮಲ್ಲಿ ಇಲ್ಲದಿರುವುದು ಅದಕ್ಕೂ ಹಿಂದಿನದು.

ಇವರು ನನ್ನ ಮೇಲೆ ಎಂದೂ ಕೈ ಮಾಡಿದವರಲ್ಲ. ಇದನ್ನು ಮೊದಲೇ ಹೇಳದಿದ್ದರೆ ನೀನು ಇಲ್ಲದ್ದನ್ನೂ ಊಹಿಸುತ್ತೀಯ. ತಟ್ಟೆ ತಳ್ಳುತ್ತಿದ್ದರು. ಸಾರು ತೆಳ್ಳಗಾದರೆ, ಮುದ್ದೆ ಗಂಟಾದರೆ, ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಏನೋ ಅಂದಿದ್ದರೆ. ತಟ್ಟೆ ಗೋಡೆಗೆ ಬಡಿದು ನಿಲ್ಲುತ್ತಿತ್ತು. ನಾನು ಎತ್ತಿ, ನೆಲ ಒರೆಸಿ, ಬೇರೆ ತಟ್ಟೆಗೆ ಬಡಿಸುತ್ತಿದ್ದೆ. ಆಮೇಲೆ ಎಷ್ಟೋ ದಿನ ಮಾತಿರುತ್ತಿರಲಿಲ್ಲ. ಡೇರಿಗೆ ಹಾಲು ಹಾಕಿ ಬರುವುದು ತಡವಾದರೂ ಕಾರಣ ಹೇಳಬೇಕಿತ್ತು. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ನೋಡಿಯೂ ನೋಡದವಳಂತೆ ಹೋದೆನಲ್ಲ, ನೀನು ಕೋಪ ಮಾಡಿಕೊಂಡಿದ್ದೆ. ಇವರು ನನ್ನ ಹಿಂದೆಯೇ ಬರುತ್ತಿದ್ದರು ಕಣೇ.

ಈಗಿನದನ್ನು ಹೇಳುತ್ತೇನೆ. ಬಲಗೈ ಬೆರಳುಗಳಿಗೆ ಬಲ ಬರಲೆಂದು ಆಸ್ಪತ್ರೆಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಇವರಿಗೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ, ಚೆಂಡು ಮಂಚದ ಕೆಳಗೆ ಸೇರಿತು. ಅವರೆಕಾಯಿ ಕಾಲ ಬಂದದ್ದೇ ನಾನು ನೆನೆಸಿದ ಕಾಳಿನ ಪಾತ್ರೆಯನ್ನು ಮುಂದಿಟ್ಟು, ಹಿತುಕಿ ಸಿಪ್ಪೆ ಬಿಡಿಸಿ ಎಂದೆ. ಮೊದಮೊದಲು ಬೇಳೆ ಹಾರಿ ಅತ್ತೆಯ ಮಡಿಲಿಗೆ ಬೀಳುತ್ತಿತ್ತು. ಅತ್ತೆ, “ಗಂಡಸಿನ ಕೈಲಿ ಬೇಳೆ ಹಿತುಕಿಸ್ತೀಯಲ್ಲೇ, ನೋಡ್ದೋರು ಏನಂದಾರು?” ಎಂದು ಬೈದರು. ಇವರು, “ಬಿಡವ್ವಾ, ಚೆನ್ನಾಗದೆ” ಎಂದು ಇನ್ನೊಂದು ಹಿಡಿ ಎಳೆದುಕೊಂಡರು. ಈಗ ನನಗಿಂತ ಚುರುಕು.

ಪೆಟ್ಟಾದ ಮೇಲೆ ಇವರಿಗೆ ವಾಸನೆ ತಿಳಿಯುವುದಿಲ್ಲ. ಸೊಗಡವರೆಯ ಸಿಪ್ಪೆಯನ್ನು ಮೂಗಿಗೆ ಹಿಡಿದು, “ಬಿಂದು, ಇದ್ರ ವಾಸ್ನೆ ಹೆಂಗಿರ್ತಿತ್ತು, ಹೇಳು” ಎನ್ನುತ್ತಾರೆ. ಸೊಗಡನ್ನು ಮಾತಿನಲ್ಲಿ ಹೇಗೆ ಹೇಳುವುದು? ಒಂದು ದಿನ ತುಪ್ಪ ಎಂದೆ, ಮರುದಿನ ಸೀಮೆಎಣ್ಣೆ ಎಂದೆ. “ಥೂ, ಎರಡ್ರಲ್ಲಿ ಒಂದ್ ಹೇಳು!” ಎಂದು ನಕ್ಕರು, ನಾನೂ ನಕ್ಕೆ. ಅದಕ್ಕೆ ಮೊದಲು ಈ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ನನಗೆ ನೆನಪಿಲ್ಲ.

ಇದನ್ನೇ ನಿಮ್ಮ ಡಾಕ್ಟರಿಗೆ ಹೇಳಿದ್ದೆ. ಈ ಭಾಗಕ್ಕೆ ಪೆಟ್ಟಾದವರಲ್ಲಿ ಅನೇಕರಿಗೆ ಸಿಟ್ಟು ಹೆಚ್ಚುತ್ತದೆ, ಕೆಲವರು ಹೀಗೆ ತಣ್ಣಗಾಗುತ್ತಾರೆ, ಈ ಸೌಮ್ಯತನವೂ ಗಾಯದ ಲಕ್ಷಣ ಇರಬಹುದು ಎಂದರು. ಗಮನಕ್ಕೂ ನೆನಪಿಗೂ ಕೊಡುವ ಹೊಸ ತರಬೇತಿಗೆ ಇವರನ್ನು ಸೇರಿಸಿದರೆ ಚುರುಕು ಬರಬಹುದು, ಎಷ್ಟು ಎಂದು ಈಗಲೇ ಹೇಳಲಾಗದು, ಅದನ್ನು ತಿಳಿಯುವುದಕ್ಕೇ ಈ ಅಧ್ಯಯನ ಎಂದೂ ಅಂದರು. ಇವರು ಒಪ್ಪಿದ್ದಾರೆ. ದಿನವೂ ಜೊತೆಗಿದ್ದು ಅಭ್ಯಾಸ ಮಾಡಿಸಬೇಕಾದವಳು ನಾನು, ಆದ್ದರಿಂದ ಸಂಕ್ರಾಂತಿಯೊಳಗೆ ನನ್ನ ಒಪ್ಪಿಗೆಯೂ ಬೇಕು.

ನಾನು ಇನ್ನೂ ಹೇಳಿಲ್ಲ. ಅವರು ಲಕ್ಷಣ ಎಂದದ್ದನ್ನು ನಾನು ಸಂಸಾರ ಎಂದುಕೊಂಡಿದ್ದೆ.

ಹಾಗೆಂದು ಇವರನ್ನು ಹೀಗೇ ಇಟ್ಟುಕೊಳ್ಳುವುದೂ ಸರಿಯಲ್ಲ, ಅದು ನನಗೆ ಗೊತ್ತಿದೆ. ಸ್ಟೌ ಹಚ್ಚಿ ಪಾತ್ರೆ ಇಡಲು ಮರೆಯುತ್ತಾರೆ. ಮೊನ್ನೆ ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತೇ ಇದ್ದರು. ಏನಾಯಿತೆಂದು ಕೇಳಿದರೆ, “ಸ್ನಾನ ಆಯ್ತಾ, ಆಗ್ಬೇಕಾ?” ಎಂದರು. ಆಮೇಲೆ ತಾವೇ ತಲೆ ಮುಟ್ಟಿಕೊಂಡು, “ಇದು ಸರಿ ಹೋಗುತ್ತಾ ಬಿಂದು?” ಎಂದು ಕೇಳಿದರು. ಆ ಮಾತಿಗೆ ಬೇಡ ಎನ್ನುವ ಹೆಂಡತಿ ಇರುವುದಿಲ್ಲ.

ನನಗೆ ಬೇಕಾಗಿರುವುದು ಒಂದೇ ಉತ್ತರ. ನೆನಪು ಬಂದರೆ ಅದರ ಜೊತೆಗೇ ಹಳೆಯ ಸಿಟ್ಟೂ ಬರುತ್ತದೆಯೇ? ನಿಮ್ಮ ಲೆಕ್ಕದಲ್ಲಿ ವಾಸಿಯಾಗುವುದು ಎಂದರೆ ಮೊದಲಿನ ಹಾಗೆ ಆಗುವುದು. ಮೊದಲೇ ಸರಿಯಿಲ್ಲದ್ದನ್ನು ಏನೆಂದು ಬರೆದುಕೊಳ್ಳುತ್ತೀರಿ? ಇದನ್ನು ಬೇರೆ ಯಾವ ಹೆಂಡತಿಯಾದರೂ ಕೇಳಿದ್ದಾಳೆಯೇ? ಡಾಕ್ಟರನ್ನು ವಿಚಾರಿಸಿ ಕಾಗದದಲ್ಲೇ ಬರೆ. ಅಲ್ಲಿಯವರೆಗೆ ನಾನು ಹೂಂ ಎನ್ನುವುದಿಲ್ಲ.

ನಿನ್ನ ತಾಯಿಗೆ ನನ್ನ ನಮಸ್ಕಾರ.

ನಿನ್ನ ಗೆಳತಿ,
ಬಿಂದುಶ್ರೀ

ತಾ.ಕ.: ಮೇಲಿನದನ್ನು ಬರೆದು ಮಡಚಿಟ್ಟು ಊಟಕ್ಕೆ ಬಡಿಸಿದೆ. ಹಿತುಕಿದ ಬೇಳೆಯ ಸಾರು. ಇವರು ಎರಡು ತುತ್ತು ತಿಂದು, “ಇದೆಂಥ ಸಾರೇ ಇದು, ಉಪ್ಪೇ ಇಲ್ಲ!” ಎಂದು ತಟ್ಟೆ ತಳ್ಳಿದರು. ಗೋಡೆಯವರೆಗೆ ಹೋಗಲಿಲ್ಲ, ಕೈಯಲ್ಲಿ ಇನ್ನೂ ಅಷ್ಟು ಬಲವಿಲ್ಲ. ಅತ್ತೆ ಗಳಗಳನೆ ಅತ್ತು, “ಬಂದ ಕಣೇ ನನ್ ಮಗ! ಮುತ್ಯಾಲಮ್ಮ ಕಣ್ ಬಿಟ್ಳು!” ಎಂದು ದೇವರಿಗೆ ದೀಪ ಹಚ್ಚಿದರು. ಸಕ್ಕರೆ ಡಬ್ಬಿ ಹಿಡಿದು ಪಕ್ಕದ ಮನೆಯ ರುಕ್ಮಿಣಮ್ಮನನ್ನು ಕೂಗಿದರು.

ನಾನು ತಟ್ಟೆ ಎತ್ತಲಿಲ್ಲ. ಇವರು ಅದನ್ನೇ ನೋಡುತ್ತಾ ಕುಳಿತಿದ್ದು, “ನಾನ್ ಮುಂಚೆನೂ ಹಿಂಗೇ ಮಾಡ್ತಿದ್ನಾ?” ಎಂದು ಕೇಳಿದರು. ಅತ್ತೆ, “ನೀನೆಲ್ ಮಾಡ್ತಿದ್ದೆ ಬಿಡಪ್ಪಾ” ಎಂದರು, ಸಕ್ಕರೆ ಡಬ್ಬಿ ಇನ್ನೂ ಅವರ ಕೈಯಲ್ಲೇ ಇತ್ತು. ನಾನು, “ಮಾಡ್ತಿದ್ರಿ” ಎಂದೆ. “ನೀನೇನ್ ಮಾಡ್ತಿದ್ದೆ?” ಎಂದರು. “ಎತ್ತಿಡ್ತಿದ್ದೆ” ಎಂದೆ.

ಇವರು ಕೈ ಚಾಚಿ ತಟ್ಟೆಯನ್ನು ಎಳೆದುಕೊಂಡು ಉಪ್ಪು ಕೇಳಿದರು.

ಡಾಕ್ಟರನ್ನು ಕೇಳುವುದು ಬೇಡ. ಹಬ್ಬ ಕಳೆದ ಮೇಲೆ ಇವರನ್ನು ತರಬೇತಿಗೆ ಕರೆತರುತ್ತೇನೆ. ನೀನು ಮುಂದಿನ ಸಲ ಮನೆಗೆ ಬಂದಾಗ ಅದೇ ಪ್ರಶ್ನೆಯನ್ನು ಮತ್ತೆ ಕೇಳು, ಅತ್ತೆಯ ಎದುರಿಗೇ ಕೇಳು. ಕಾಫಿಯನ್ನು ಮೊದಲೇ ಮಾಡಿಟ್ಟಿರುತ್ತೇನೆ.